ಎದೆಯಲ್ಲಿ ಐಸಿಡಿ ಇಟ್ಟಿದ್ದಾರೆ, ಟೊಮೆಟೊ ಗಾಡಿ ಓಡಿಸಬಹುದಾ?

ಮುಳಬಾಗಿಲು ಪಿಕಪ್

ಎಲ್ಲರಿಗೂ ನಮಸ್ಕಾರ. ನಂದು ಮುಳಬಾಗಿಲು ತಾಲ್ಲೂಕು, ಆವನಿ ಕಡೆ ಒಂದು ಹಳ್ಳಿ. ಸ್ವಂತ ಬೊಲೆರೊ ಪಿಕಪ್ ಇದೆ. ಸುತ್ತಮುತ್ತಲ ತೋಟಗಳಿಂದ ಟೊಮೆಟೊ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹಾಕುವುದು ನನ್ನ ಕೆಲಸ. ರೇಟು ಚೆನ್ನಾಗಿದ್ದಾಗ ಪಲಮನೇರು ದಾಟಿ, ಮೊಗಿಲಿ ಘಾಟಿ ಇಳಿದು, ಚೆನ್ನೈವರೆಗೂ ರಾತ್ರಿ ಟ್ರಿಪ್ ಹೊಡೆದಿದ್ದೇನೆ. ವಯಸ್ಸು 47.

ಮೂರು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಆಮೇಲೆ ಆರಾಮಾಗಿಯೇ ಇದ್ದೆ. ಈಗ ಎರಡು ತಿಂಗಳ ಹಿಂದೆ ಮಂಡಿಯಲ್ಲಿ ಕ್ರೇಟ್ ಇಳಿಸುತ್ತಿದ್ದವನು ನಿಂತ ಜಾಗದಲ್ಲೇ ಬಿದ್ದುಬಿಟ್ಟೆ. ತಲೆ ಸುತ್ತಲಿಲ್ಲ, ಬೆವರಲಿಲ್ಲ, ಏನೂ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಹಮಾಲಿಗಳೆಲ್ಲ ಸುತ್ತ ನಿಂತಿದ್ದರು, ಯಾರೋ ಮುಖಕ್ಕೆ ಸೋಡಾ ಹೊಡೆಯುತ್ತಿದ್ದರು. ಕೋಲಾರದಲ್ಲಿ ಇಸಿಜಿ ತೆಗೆದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹಾರ್ಟಿನ ಪಂಪಿಂಗ್ 30 ಪರ್ಸೆಂಟಿಗೆ ಇಳಿದಿದೆ ಅಂದರು. ಹಾರ್ಟ್ ಬೀಟ್ ಇದ್ದಕ್ಕಿದ್ದಂತೆ ವಿಪರೀತ ಓಡುತ್ತಿದೆ, ಅದಕ್ಕೆ ವಿ.ಟಿ. ಅಂತಾರೆ ಅಂತ ಹೇಳಿ ಎಡಗಡೆ ಎದೆಯ ಮೇಲ್ಭಾಗದಲ್ಲಿ ಐಸಿಡಿ, ಅಂದರೆ ಬೀಟ್ ಹಾಗೆ ಓಡಿದಾಗ ಶಾಕ್ ಕೊಟ್ಟು ಸರಿಮಾಡುವ ಸಣ್ಣ ಯಂತ್ರ, ಇಟ್ಟರು.

ಡಿಸ್ಚಾರ್ಜ್ ದಿನ ಡಾಕ್ಟರು "ವೆಹಿಕಲ್ ಸದ್ಯಕ್ಕೆ ಬೇಡ" ಅಂದರು. ಸದ್ಯಕ್ಕೆ ಅಂದರೆ ಎಷ್ಟು ದಿನ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಿದ್ದರು. ಕೊಟ್ಟ ಚೀಟಿಯಲ್ಲಿ ಎಡಗೈ ಮೇಲೆ ಎತ್ತಬೇಡಿ, ಗಾಯಕ್ಕೆ ನೀರು ತಾಗಿಸಬೇಡಿ ಅಂತೆಲ್ಲ ಇದೆ. ಗಾಡಿ ವಿಷಯ ಒಂದಕ್ಷರ ಇಲ್ಲ.

ಈಗ ಗಾಯ ಒಣಗಿದೆ. ಮೈಯಲ್ಲಿ ಶಕ್ತಿ ಇದೆ. ಸೀಸನ್ ಹತ್ತಿರ ಬರುತ್ತಿದೆ, ಪಿಕಪ್ ಮೇಲೆ ಇಎಂಐ ಇದೆ, ಗಾಡಿ ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತಿದೆ. ಮಂಡಿಯವರು ದಿನಾ ಫೋನ್ ಮಾಡುತ್ತಾರೆ. ನಮ್ಮ ಮನೆಯವಳು ಕೀ ಎಲ್ಲೋ ಬಚ್ಚಿಟ್ಟಿದ್ದಾಳೆ, ಕೇಳಿದರೆ ಕುರುಡುಮಲೆ ಗಣಪತಿ ಮೇಲೆ ಆಣೆ ಹಾಕಿದ್ದೇನೆ ಅಂತಾಳೆ. ನಾನು ಹೇಳುವುದು ಇಷ್ಟೇ: ಎದೆಯೊಳಗೆ ಕಾಪಾಡೋ ಯಂತ್ರವೇ ಇದೆಯಲ್ಲ, ಈಗ ಮೊದಲಿಗಿಂತ ಸೇಫ್ ತಾನೇ? ಚೆನ್ನೈ ಬೇಡ, ಕೋಲಾರದವರೆಗಾದರೂ ಹೋಗಿಬರಬಹುದಲ್ವಾ? ಇದೇ ಥರ ಮಿಷನ್ ಇಟ್ಟುಕೊಂಡು ಗಾಡಿ ಓಡಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಂಗಾರಪೇಟೆ ಮೇಷ್ಟ್ರು

ತಮ್ಮಾ, ಧೈರ್ಯವಾಗಿರು. ನನಗೆ 68. ಪೇಸ್‌ಮೇಕರ್ ಇಟ್ಟು ನಾಲ್ಕು ವರ್ಷವಾಯಿತು. ಹಾರ್ಟ್ ಬ್ಲಾಕ್, ಅಂದರೆ ಹಾರ್ಟಿನೊಳಗಿನ ಕರೆಂಟಿನ ದಾರಿ ಕಟ್ಟಿ, ಬೀಟ್ 35ಕ್ಕೆ ಇಳಿದಿತ್ತು. ಇಟ್ಟ ಮೇಲೆ ಡಾಕ್ಟರೇ ಒಂದು ವಾರ ಬಿಟ್ಟು ಕಾರು ಓಡಿಸಿ ಅಂದರು. ಇವತ್ತಿಗೂ ನನ್ನ ಆಲ್ಟೊ ನಾನೇ ಓಡಿಸುತ್ತೇನೆ, ಮೊಮ್ಮಕ್ಕಳನ್ನು ಕೋಟಿಲಿಂಗಕ್ಕೂ ಕರೆದುಕೊಂಡು ಹೋಗುತ್ತೇನೆ.

ಒಂದು ವಿಷಯ ಹೇಳುತ್ತೇನೆ ಕೇಳು. ಪ್ರಪಂಚದಲ್ಲಿ ಮೊದಲ ಬಾರಿ ದೇಹದೊಳಗೆ ಪೇಸ್‌ಮೇಕರ್ ಇಟ್ಟಿದ್ದು 1958ರಲ್ಲಿ, ಸ್ವೀಡನ್‌ನ ಆರ್ನೆ ಲಾರ್ಸನ್ ಎನ್ನುವವರಿಗೆ. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಮನುಷ್ಯ ಮಾತ್ರ 2001ರವರೆಗೆ ಬದುಕಿದ್ದರು! 86 ವರ್ಷ ತುಂಬು ಜೀವನ. ಅಷ್ಟರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಪೇಸ್‌ಮೇಕರ್ ಬದಲಾಯಿಸಿದ್ದರು.

ಒಂದೇ ತಮಾಷೆ ಏನೆಂದರೆ, ಗುಂಡಿ ಬಿದ್ದ ರಸ್ತೆಯಲ್ಲಿ ಹೋದರೆ ನನ್ನ ಬೀಟ್ ಸ್ವಲ್ಪ ಜಾಸ್ತಿಯಾಗುತ್ತದೆ. ಒಳಗಿರುವ ಸೆನ್ಸರ್ ಮೈ ಕುಲುಕಾಡುವುದನ್ನು ನೋಡಿ, ಯಜಮಾನ ಜೋರಾಗಿ ನಡೆಯುತ್ತಿದ್ದಾನೆ ಅಂದುಕೊಳ್ಳುತ್ತದಂತೆ. ನಮ್ಮ ರಸ್ತೆಗಳ ಯೋಗ್ಯತೆ ಪೇಸ್‌ಮೇಕರಿಗೂ ಗೊತ್ತಾಗಿದೆ.

ಫಿಸಿಕ್ಸ್ ಮೇಡಂ, ಕೋಲಾರ

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮದು ಬೇರೆ ಕಾಯಿಲೆ, ಪಿಕಪ್ ಅಣ್ಣಂದು ಬೇರೆ. ನಿಮ್ಮ ಒಂದು ವಾರ ಅವರಿಗೆ ಹೊಂದುವುದಿಲ್ಲ.

ನನಗೂ ಐಸಿಡಿ ಇದೆ. ಹಾರ್ಟಿನ ಗೋಡೆ ದಪ್ಪ ಆಗುವ ಕಾಯಿಲೆ, ನಮ್ಮ ತಂದೆ ಕಡೆಯಿಂದ ಬಂದಿದ್ದು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಕಾರು ಓಡಿಸುತ್ತೇನೆ. ಹಾಗಾಗಿ ಇದು ನಾನು ಓದಿಯೂ, ಡಾಕ್ಟರನ್ನು ಕಾಡಿಸಿಯೂ ತಿಳಿದುಕೊಂಡ ವಿಷಯ.

ಪೇಸ್‌ಮೇಕರ್ ಇರುವುದು ಬೀಟ್ ತೀರಾ ನಿಧಾನವಾದವರಿಗೆ. ಅದು ಬೀಟ್ ಕೆಳಗೆ ಇಳಿಯದಂತೆ ಹಿಡಿದು ನಿಲ್ಲಿಸುತ್ತದೆ. ಅಂದರೆ ಎಚ್ಚರ ತಪ್ಪುವ ಕಾರಣವನ್ನೇ ತೆಗೆದುಹಾಕುತ್ತದೆ. ಮೇಷ್ಟ್ರು ಒಂದು ವಾರದಲ್ಲಿ ಸ್ಟೀರಿಂಗ್ ಹಿಡಿದದ್ದು ಅದಕ್ಕೇ ಸರಿ. ಐಸಿಡಿ ಹಾಗಲ್ಲ. ವಿ.ಟಿ. ಬರುವುದನ್ನು ಅದು ತಡೆಯುವುದಿಲ್ಲ. ಬಂದ ಮೇಲೆ ಗುರುತಿಸಿ, ಮೊದಲು ಸದ್ದಿಲ್ಲದೆ ಸಣ್ಣ ಸಣ್ಣ ಮಿಡಿತ ಕೊಟ್ಟು ಸರಿಮಾಡಲು ನೋಡುತ್ತದೆ. ಅದಕ್ಕೂ ಬಗ್ಗದಿದ್ದರೆ ಒಳಗೇ ಚಾರ್ಜ್ ಮಾಡಿಕೊಂಡು ಶಾಕ್ ಹೊಡೆಯುತ್ತದೆ. ಅದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುರುತಿಸಿ ಚಾರ್ಜ್ ಆಗಿ ಶಾಕ್ ಬರುವಷ್ಟರಲ್ಲಿ 10 ಸೆಕೆಂಡ್, ಕೆಲವೊಮ್ಮೆ ಇನ್ನೂ ಜಾಸ್ತಿ ಹೋಗಿರುತ್ತದೆ. ಅಷ್ಟರಲ್ಲಿ ಮನುಷ್ಯನಿಗೆ ಎಚ್ಚರ ತಪ್ಪಿರಬಹುದು.

ಈಗ ಲೆಕ್ಕ ಹಾಕಿ ಅಣ್ಣ. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರಿಗೂ ಜಾಸ್ತಿ ಹೋಗುತ್ತದೆ. 10 ಸೆಕೆಂಡಿಗೆ 160 ಮೀಟರ್ ದಾಟುತ್ತದೆ. ತುಂಬಿದ ಪಿಕಪ್, ಸ್ಟೀರಿಂಗ್ ಹಿಡಿದವರಿಗೆ ಎಚ್ಚರವಿಲ್ಲ, ಪಕ್ಕದಲ್ಲಿ ನರಸಾಪುರದ ಫ್ಯಾಕ್ಟರಿ ಬಸ್ಸುಗಳು. ಮಂಡಿಯಲ್ಲಿ ಬಿದ್ದಾಗ ನಿಮಗೆ ಯಾವ ಮುನ್ಸೂಚನೆಯೂ ಇರಲಿಲ್ಲ ಅಂತ ನೀವೇ ಬರೆದಿದ್ದೀರಿ. ಡಾಕ್ಟರು ಅತಿ ಹೆಚ್ಚು ನೋಡುವುದು ಆ ಒಂದು ಸಾಲನ್ನೇ.

ನನಗೆ ಒಮ್ಮೆ ಶಾಕ್ ಬಂದಿದೆ. ಲ್ಯಾಬಿನಲ್ಲಿ ನಿಂತಿದ್ದೆ. ಎದುರಿನ ಮಕ್ಕಳ ಮುಖ ಮಸುಕಾಯಿತು, ಮರುಕ್ಷಣ ಎಮ್ಮೆ ಎದೆಗೆ ಒದ್ದ ಹಾಗಾಯಿತು. ಕೈಯಲ್ಲಿದ್ದ ಸ್ಕ್ರೂಗೇಜ್ ಎಲ್ಲಿ ಹೋಗಿ ಬಿತ್ತೋ. ಎಚ್ಚರ ಇದ್ದಾಗಲೂ ಆ ಹೊಡೆತಕ್ಕೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ಬ್ರಿಟನ್‌ನಲ್ಲಿ ಲೈಸೆನ್ಸ್ ಕೊಡುವ ಇಲಾಖೆ ಇದನ್ನು ಲೆಕ್ಕ ಮಾಡಿ ಬರೆದಿಟ್ಟಿದೆ. ಕಾರು, ಬೈಕಿಗೆ: ಪೇಸ್‌ಮೇಕರ್ ಆದರೆ ಒಂದು ವಾರ. ಏನೂ ಆಗುವ ಮೊದಲೇ ಮುಂಜಾಗ್ರತೆಗೆ ಐಸಿಡಿ ಇಟ್ಟಿದ್ದರೆ ಒಂದು ತಿಂಗಳು. ನಿಮ್ಮ ಥರ ವಿ.ಟಿ. ಬಂದು ಎಚ್ಚರ ತಪ್ಪಿದ ಮೇಲೆ ಇಟ್ಟಿದ್ದರೆ ಆರು ತಿಂಗಳು. ವಿ.ಟಿ.ಗೆ ಶಾಕ್ ಬಂದರೆ ಅಲ್ಲಿಂದ ಲೆಕ್ಕ ಮತ್ತೆ ಶುರು. ಯುರೋಪಿನ ಹೃದಯ ವೈದ್ಯರು ಆರರ ಬದಲು ಮೂರು ತಿಂಗಳು ಸಾಕು ಅಂದಿದ್ದೂ ಇದೆ. ಇದು ಮೊದಲ ಕೆಲವು ತಿಂಗಳಲ್ಲೇ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಅದಕ್ಕೇ ಕಾಯಿಸುತ್ತಾರೆ. ಗಾಯ ಒಣಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮಗೆ ಆಗಿರುವುದು ಎರಡು ತಿಂಗಳು. ಯಾವ ಲೆಕ್ಕದಲ್ಲೂ ಇದು ಸಾಲದು. ನನ್ನನ್ನು ಕೇಳಿದರೆ ಆರೇ ಇಟ್ಟುಕೊಳ್ಳಿ.

ಇನ್ನೊಂದು ಕಹಿ ಮಾತು. ಬ್ರಿಟನ್‌ನಲ್ಲಿ ದೊಡ್ಡ ಲಾರಿ, ಬಸ್ಸಿನ ಲೈಸೆನ್ಸ್ ಐಸಿಡಿ ಇರುವವರಿಗೆ ಸಿಗುವುದೇ ಇಲ್ಲ. ಆರು ತಿಂಗಳಲ್ಲ, ಯಾವತ್ತೂ ಇಲ್ಲ. ಕೆನಡಾದ ಹೃದಯ ವೈದ್ಯರು ಮಾಡಿರುವ ಒಂದು ಸೂತ್ರ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಸ್ಟೀರಿಂಗ್ ಹಿಂದೆ ಕಳೆಯುವ ಸಮಯ, ಗಾಡಿಯ ಗಾತ್ರ, ಎಚ್ಚರ ತಪ್ಪುವ ಸಾಧ್ಯತೆ, ತಪ್ಪಿದರೆ ಅಪಘಾತ ಆಗುವ ಸಾಧ್ಯತೆ, ಈ ನಾಲ್ಕನ್ನೂ ಗುಣಿಸುತ್ತಾರೆ. ಸ್ವಂತ ಕಾರಿನವರ ಸಮಯಕ್ಕೆ ಶೇ 4, ಓಡಿಸುವುದನ್ನೇ ಕಸುಬು ಮಾಡಿಕೊಂಡವರಿಗೆ ಶೇ 25. ಗಾತ್ರದ ಲೆಕ್ಕದಲ್ಲಿ ಲಾರಿಗೆ 1, ಸಣ್ಣ ಕಾರಿಗೆ 0.28. ಅದೇ ಕಾಯಿಲೆ, ಅದೇ ಮನುಷ್ಯ, ಆದರೆ ಕಾರಿನಿಂದ ಇಳಿದು ಬಾಡಿಗೆ ಲಾರಿ ಹತ್ತಿದರೆ ಅಪಾಯ ಸುಮಾರು 22 ಪಟ್ಟು. ನಿಮ್ಮ ಪಿಕಪ್ ಲಾರಿಯಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಗಂಟೆಗಳ ಲೆಕ್ಕ ಲಾರಿಯವರದೇ. ಆರು ತಿಂಗಳಾದ ಮೇಲೂ ಮನೆಯವರನ್ನು ಕೂರಿಸಿಕೊಂಡು ಆವನಿ ಜಾತ್ರೆಗೆ ಹೋಗುವುದೂ, ರಾತ್ರಿಯೆಲ್ಲ ನಿದ್ದೆಗೆಟ್ಟು ಮೊಗಿಲಿ ಘಾಟಿ ಇಳಿಯುವುದೂ ಒಂದೇ ಅಲ್ಲ. ಇವೆರಡನ್ನೂ ಡಾಕ್ಟರ ಹತ್ತಿರ ಬೇರೆ ಬೇರೆಯಾಗಿಯೇ ಕೇಳಿ.

ಕೀ ಬಚ್ಚಿಟ್ಟ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ಎಲ್ ಬೋರ್ಡ್

ನಾನು ಚಿಂತಾಮಣಿ ರಸ್ತೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಮೇಡಂ ಬ್ರಿಟನ್ ಹೇಳಿದರು, ನಾನು ನಮ್ಮ ಆರ್‌ಟಿಒ ಹೇಳುತ್ತೇನೆ.

ಲೈಸೆನ್ಸಿಗೆ ಹಾಕುವ ಫಾರಂ 1 ಇದೆಯಲ್ಲ, ಎಲ್ಲರೂ ಓದದೇ ಸೈನ್ ಹಾಕುವುದು, ಅದರಲ್ಲಿ ಮೊದಲ ಪ್ರಶ್ನೆಯೇ ಇದು: ನಿಮಗೆ ಮೂರ್ಛೆ ರೋಗ ಇದೆಯೇ, ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು ಅಥವಾ ತಲೆಸುತ್ತು ಬರುವುದು ಇದೆಯೇ? ಐಸಿಡಿ ಅನ್ನುವ ಹೆಸರು ಅಲ್ಲಿಲ್ಲ. ಆದರೆ ಮಂಡಿಯಲ್ಲಿ ನಿಮಗೆ ಆಗಿದ್ದು ಈ ಪ್ರಶ್ನೆಯೊಳಗೆ ನೇರ ಬರುತ್ತದೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಆದರೆ ಐದು ವರ್ಷಕ್ಕೊಮ್ಮೆ ರಿನ್ಯೂವಲ್, ಜೊತೆಗೆ ಫಾರಂ 1ಎ, ಅಂದರೆ ಡಾಕ್ಟರ್ ಸರ್ಟಿಫಿಕೇಟ್. ಬ್ರೋಕರ್ ಕೈಗೆ ದುಡ್ಡು ಕೊಟ್ಟು ನಿಮ್ಮ ಮುಖವನ್ನೇ ನೋಡದ ಡಾಕ್ಟರ ಸೀಲ್ ಹಾಕಿಸಬೇಡಿ. ಅದು ನಡೆಯುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಮೋಟಾರು ವಾಹನ ಕಾಯ್ದೆ 1988ರಲ್ಲಿ 186ನೇ ಸೆಕ್ಷನ್ ಇದೆ. ನಿಮ್ಮ ಕಾಯಿಲೆಯಿಂದ ಬೇರೆಯವರಿಗೆ ಅಪಾಯ ಅಂತ ಗೊತ್ತಿದ್ದೂ ಗಾಡಿ ಓಡಿಸಿದರೆ ದಂಡ. ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000. ದುಡ್ಡು ಏನೂ ದೊಡ್ಡದಲ್ಲ. ಆದರೆ ಆಕ್ಸಿಡೆಂಟ್ ಆಗಿ ಯಾರಿಗಾದರೂ ಏನಾದರೂ ಆಯಿತು ಅಂದುಕೊಳ್ಳಿ. ಡಾಕ್ಟರು ಬೇಡ ಅಂದಿದ್ದು ನಿಮಗೆ ಗೊತ್ತಿತ್ತಾ ಅಂತ ಕೋರ್ಟಿನಲ್ಲಿ ಲಾಯರ್ ಕೇಳಿದಾಗ ಏನು ಹೇಳುತ್ತೀರಿ?

ಇಎಂಐ ಕಟ್ಟೋಕೆ ಗಾಡಿ ಓಡಬೇಕು, ಸರಿ. ನೀವೇ ಓಡಿಸಬೇಕು ಅಂತೇನಿಲ್ಲವಲ್ಲ. ನಿಮ್ಮ ಜೊತೆ ಕ್ರೇಟ್ ಹತ್ತಿಸೋ ಹುಡುಗ ಯಾರಾದರೂ ಇದ್ದರೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಮಾಡಿಸಿ. 7,500 ಕೆ.ಜಿ.ಗಿಂತ ಕಡಿಮೆ ತೂಕದ ಗೂಡ್ಸ್ ಗಾಡಿಗೆ ಎಲ್‌ಎಂವಿ ಸಾಕು, ಬೇರೆ ಟ್ರಾನ್ಸ್‌ಪೋರ್ಟ್ ಬ್ಯಾಡ್ಜ್ ಬೇಡ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಖಚಿತ ಮಾಡಿದೆ. ಬೊಲೆರೊ ಪಿಕಪ್ ಆರಾಮಾಗಿ ಅದರೊಳಗೆ ಬರುತ್ತದೆ.

ಮುಳಬಾಗಿಲು ಪಿಕಪ್

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನಿಮ್ಮ 160 ಮೀಟರ್ ಲೆಕ್ಕವನ್ನು ಮನೆಯವಳಿಗೆ ಓದಿ ಹೇಳಿದೆ. ಕೀ ಈ ಜನ್ಮದಲ್ಲಿ ಸಿಗುವ ಹಾಗಿಲ್ಲ.

ನನ್ನ ಭಾಮೈದನ ಮಗ ಇದ್ದಾನೆ, ಲೈಸೆನ್ಸ್ ಮಾಡಿಸಿ ಎರಡು ವರ್ಷ ಆಯಿತು, ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನನ್ನು ಕೂರಿಸಿ ನೋಡಿದೆ. ಗೇರ್ ಹಾಕುವುದು ನೋಡಿದರೆ ನನಗೆ ಶಾಕ್ ಹೊಡೆಸಿಬಿಡುತ್ತಾನೇನೋ ಅನ್ನಿಸಿತು. ಕಲಿಯುತ್ತಾನೆ ಬಿಡಿ. ನಾನು ಎಡಗಡೆ ಸೀಟಿನಲ್ಲಿ ಕೂತು ಮಂಡಿಗೆ ಹೋಗಿಬಂದೆ. ಹರಾಜು, ಲೆಕ್ಕ ನಾನೇ ನೋಡಿಕೊಂಡೆ.

ಒಂದು ತೊಂದರೆ. ಸೀಟ್ ಬೆಲ್ಟ್ ಸರಿಯಾಗಿ ಐಸಿಡಿ ಮೇಲೇ ಒತ್ತುತ್ತದೆ. ಓಡಿಸುವ ಸೀಟಿನಲ್ಲಿ ಕೂತು ನೋಡಿದಾಗ ಒತ್ತಿರಲಿಲ್ಲ! ಬೆಲ್ಟ್ ಬಿಟ್ಟುಬಿಡಲಾ? ಮತ್ತೆ ತೋಟಕ್ಕೆ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಹೋಗಬಹುದಾ? ಅದು ಅರ್ಧ ಕಿ.ಮೀ. ದಾರಿ, ನಮ್ಮದೇ ಜಮೀನು. ಇನ್ನೊಂದು, ಪಿಕಪ್ ಹಿಂದಿನ ಡೋರಿಗೆ ವೆಲ್ಡಿಂಗ್ ಮಾಡಿಸಬೇಕು, ನಾನು ಪಕ್ಕದಲ್ಲಿ ನಿಲ್ಲಬಹುದಾ?

ಫಿಸಿಕ್ಸ್ ಮೇಡಂ, ಕೋಲಾರ

ಬೆಲ್ಟ್ ಬಿಡಲೇಬೇಡಿ. ನಮ್ಮ ದೇಶದಲ್ಲಿ ಸ್ಟೀರಿಂಗ್ ಬಲಗಡೆ ಇರುವುದರಿಂದ ಡ್ರೈವರಿನ ಬೆಲ್ಟ್ ಬಲ ಭುಜದಿಂದ ಎಡ ಸೊಂಟಕ್ಕೆ ಇಳಿಯುತ್ತದೆ. ನಮ್ಮ ಐಸಿಡಿ ಎಡಗಡೆ ಮೇಲೆ ಇದೆ, ತಾಗುವುದಿಲ್ಲ. ಪಕ್ಕದ ಸೀಟಿನಲ್ಲಿ ಎಡ ಭುಜದ ಮೇಲಿಂದ ಬರುತ್ತದೆ, ನೇರ ಅದರ ಮೇಲೆ ಕೂರುತ್ತದೆ. ಅಮೆರಿಕದ ವೆಬ್‌ಸೈಟ್ ಓದಿದರೆ ಉಲ್ಟಾ ಬರೆದಿರುತ್ತದೆ, ಅಲ್ಲಿ ಸ್ಟೀರಿಂಗ್ ಎಡಗಡೆ. ಒಂದು ಮೆತ್ತನೆಯ ಕರ್ಚೀಫನ್ನೋ ಸಣ್ಣ ಟವೆಲನ್ನೋ ಮಡಚಿ ಬೆಲ್ಟಿನ ಕೆಳಗೆ ಇಟ್ಟುಕೊಳ್ಳಿ. ನಾನು ನಮ್ಮ ಯಜಮಾನರ ಪಕ್ಕ ಕೂತಾಗ ಹಾಗೇ ಮಾಡುವುದು. ಬೆಲ್ಟಿನ ಒತ್ತಡಕ್ಕೆ ಐಸಿಡಿ ಕೆಡುವುದಿಲ್ಲ, ಚರ್ಮ ಉರಿಯುತ್ತದೆ ಅಷ್ಟೇ.

ಎಕ್ಸ್‌ಎಲ್ ಬೇಡ. ಬೈಕಿಗೂ ಕಾರಿನ ಲೆಕ್ಕವೇ. ನಿಮ್ಮ ಜಮೀನಿನಲ್ಲಿ ಪೊಲೀಸ್ ಇಲ್ಲದಿರಬಹುದು, ಆದರೆ ಬಾವಿ, ಕಲ್ಲು, ಕೃಷಿಹೊಂಡ ಎಲ್ಲ ಇವೆ. ಅರ್ಧ ಕಿ.ಮೀ. ನಡೆದುಕೊಂಡು ಹೋಗಿ, ಹಾರ್ಟಿಗೂ ಒಳ್ಳೆಯದು.

ವೆಲ್ಡಿಂಗ್ ನಡೆಯುವಾಗ ದೂರ ಟೀ ಅಂಗಡಿಯಲ್ಲಿ ಕೂತಿರಿ. ಆ ಕೇಬಲ್ಲುಗಳ ಸುತ್ತ ಇರುವ ಕಾಂತಕ್ಷೇತ್ರವನ್ನು ಐಸಿಡಿ ಹಾರ್ಟಿನ ಸಿಗ್ನಲ್ ಅಂತ ತಪ್ಪು ತಿಳಿದು ಸುಮ್ನೆ ಶಾಕ್ ಕೊಡಬಹುದು. ಓಡುತ್ತಿರುವ ಇಂಜಿನ್ ಮೇಲೆ ಬಾನೆಟ್ ಎತ್ತಿ ಬಗ್ಗಿ ನೋಡುವ ಅಭ್ಯಾಸ ನಿಮ್ಮವರಿಗೆಲ್ಲ ಇರುತ್ತದೆ, ಅದನ್ನೂ ಬಿಡಿ. ನೋಡಲೇಬೇಕಾದರೆ ಎದೆ ಒಂದು ಅಡಿ ದೂರ ಇರಲಿ. ಬೋರ್‌ವೆಲ್ ಸ್ಟಾರ್ಟರ್‌ನಲ್ಲಿ ಕರೆಂಟ್ ಲೀಕ್ ಇದ್ದರೆ ಮೊದಲು ಸರಿಮಾಡಿಸಿ. ಬೇರೆಯವರಿಗೆ ಜುಮ್ ಅನ್ನುವಷ್ಟು ಲೀಕ್ ಆದರೂ ನಮಗೆ ಐಸಿಡಿಯಿಂದ ಶಾಕ್ ತರಿಸಬಹುದು.

ಮೊಬೈಲ್ ಶರ್ಟಿನ ಜೇಬಿನಲ್ಲಿ ಇಡಬೇಡಿ. ನಮ್ಮ ಗಂಡಸರ ಶರ್ಟಿಗೆ ಜೇಬು ಇರುವುದೂ ಎಡಗಡೆಯೇ. ಪ್ಯಾಂಟಿನಲ್ಲಿಡಿ, ಬಲಗಿವಿಗೆ ಹಿಡಿದು ಮಾತಾಡಿ, ಆರು ಇಂಚು ದೂರ ಸಾಕು. ಡ್ಯಾಶ್‌ಬೋರ್ಡಿಗೆ ಅಂಟಿಸುವ ಮ್ಯಾಗ್ನೆಟ್ ಹೋಲ್ಡರ್, ಹಳೆ ಸ್ಪೀಕರ್ ಇವನ್ನೂ ಎದೆ ಹತ್ತಿರ ತರಬೇಡಿ. ಮ್ಯಾಗ್ನೆಟ್ ತೀರಾ ಹತ್ತಿರ ಬಂದರೆ ಅಷ್ಟು ಹೊತ್ತು ಐಸಿಡಿ ಶಾಕ್ ಕೊಡುವುದನ್ನೇ ನಿಲ್ಲಿಸುತ್ತದೆ.

ಅಂದಹಾಗೆ ಯಾವ ಮಾತ್ರೆ ಕೊಟ್ಟಿದ್ದಾರೆ?

ಮುಳಬಾಗಿಲು ಪಿಕಪ್

ಐದಾರು ಇವೆ ಮೇಡಂ. ಅಮಿಯೊಡರೋನ್ ಅಂತ ಒಂದು ಹೊಸದು, ವಿ.ಟಿ. ಹತೋಟಿಗೆ ಅಂತೆ. ಹುಡುಗ ಓಡಿಸುವಾಗ ಗಾಡಿಯಲ್ಲೇ ಶಾಕ್ ಬಂದರೆ ಏನು ಮಾಡಬೇಕು? ನನ್ನನ್ನು ಮುಟ್ಟಿದರೆ ಅವನಿಗೂ ಹೊಡೆಯುತ್ತಾ ಅಂತ ಕೇಳುತ್ತಿದ್ದಾನೆ, ಹೆದರುಪುಕ್ಕಲ.

ಫಿಸಿಕ್ಸ್ ಮೇಡಂ, ಕೋಲಾರ

ಅವನಿಗೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ಕೈ ಜುಮ್ ಅನ್ನಬಹುದು. ಗಾಡಿ ಸೈಡಿಗೆ ಹಾಕಲಿ. ಒಂದೇ ಶಾಕ್ ಬಂದು ನೀವು ಸರಿಯಾಗಿದ್ದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ. ಮೇಲಿಂದ ಮೇಲೆ ಬಂದರೆ, ಅಥವಾ ಒಂದೇ ಬಂದರೂ ಎದೆನೋವು, ಉಬ್ಬಸ, ಮಂಕು ಇದ್ದರೆ 108. ಐಸಿಡಿ ಕಂಪನಿ ಕೊಟ್ಟ ಕಾರ್ಡು ಡಿಎಲ್ ಜೊತೆಯಲ್ಲೇ ಇರಲಿ, ಎಲ್ಲಿದೆ ಅಂತ ಹುಡುಗನಿಗೂ ತೋರಿಸಿಡಿ.

ಅಮಿಯೊಡರೋನ್ ನಿಲ್ಲಿಸಬೇಡಿ, ಒಂದು ಹೊತ್ತೂ ತಪ್ಪಿಸಬೇಡಿ. ಆದರೆ ಅದರಿಂದ ಕಣ್ಣಿನ ಮೇಲ್ಪದರದಲ್ಲಿ ಸಣ್ಣ ಕಣಗಳು ಕೂರುತ್ತವೆ. ಕೆಲವರಿಗೆ ರಾತ್ರಿ ಎದುರು ಗಾಡಿಯ ಲೈಟಿನ ಸುತ್ತ ಬಳೆ ಥರ ಕಾಣುತ್ತದೆ. ಮುಂದೆ ಡಾಕ್ಟರು ಓಡಿಸಲು ಒಪ್ಪಿದರೂ ರಾತ್ರಿ ಟ್ರಿಪ್ಪಿಗೆ ಮೊದಲು ಇದನ್ನೂ ಕೇಳಬೇಕು. ವಾಂತಿ ಭೇದಿ ಆದ ದಿನ ಸುಮ್ನೆ ಮಲಗಿರಬೇಡಿ, ಮೈಯಲ್ಲಿ ಪೊಟ್ಯಾಸಿಯಂ ಇಳಿದರೆ ವಿ.ಟಿ. ಕೆರಳುತ್ತದೆ. ಡಾಕ್ಟರಿಗೆ ಹೇಳಿ.

ಬಂಗಾರಪೇಟೆ ಮೇಷ್ಟ್ರು

ಮೇಡಂ ಪಾಠ ಚೆನ್ನಾಗಿದೆ. ನನಗೂ ಎಡಗಡೆಯೇ ಇರುವುದು. ಮಗನ ಕಾರಿನಲ್ಲಿ ಪಕ್ಕ ಕೂತಾಗ ಮಾತ್ರ ಯಾಕೆ ಒತ್ತುತ್ತದೆ ಅಂತ ಇವತ್ತು ಗೊತ್ತಾಯಿತು. ಅವನ ಡ್ರೈವಿಂಗ್ ದೋಷ ಅಂದುಕೊಂಡಿದ್ದೆ.

ಮುಳಬಾಗಿಲು ಪಿಕಪ್

ಮುಂದಿನ ವಾರ ಬೆಂಗಳೂರಿನಲ್ಲಿ ಮಿಷನ್ ಚೆಕಪ್ ಇದೆ. ಏನೇನು ಕೇಳಲಿ ಮೇಡಂ? ಈ ಸಲ ಮುಂದಿನ ಪೇಷೆಂಟ್ ಬಂದರೂ ಕುರ್ಚಿ ಬಿಡುವುದಿಲ್ಲ.

ಫಿಸಿಕ್ಸ್ ಮೇಡಂ, ಕೋಲಾರ

ಅಲ್ಲಿ ಎದೆ ಮೇಲೆ ಒಂದು ರೀಡರ್ ಇಟ್ಟು ಐಸಿಡಿಯ ಮೆಮೊರಿ ಓದುತ್ತಾರೆ. ಕಳೆದ ಎರಡು ತಿಂಗಳಲ್ಲಿ ವಿ.ಟಿ. ಬಂದಿತ್ತಾ ಅಂತ ಟೆಕ್ನಿಷಿಯನ್ನರನ್ನೇ ಕೇಳಿ. ಶಾಕ್ ಇಲ್ಲದೆ ಸಣ್ಣ ಮಿಡಿತದಲ್ಲೇ ನಿಂತು ಹೋಗಿದ್ದರೆ ನಿಮಗೆ ಗೊತ್ತೇ ಆಗಿರುವುದಿಲ್ಲ, ಆದರೆ ಅದರಲ್ಲಿ ತಾರೀಖು, ಗಂಟೆ ಸಮೇತ ಇರುತ್ತದೆ. ಆ ಪ್ರಿಂಟ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಸ್ವಂತಕ್ಕೆ ಓಡಿಸುವುದು ಯಾವಾಗ, ಬಾಡಿಗೆಗೆ ಓಡಿಸುವುದು ಆಗುತ್ತಾ ಇಲ್ಲವಾ, ಎರಡಕ್ಕೂ ಉತ್ತರ ಚೀಟಿಯಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ "ಸದ್ಯಕ್ಕೆ" ಬೇಡ. ಅತ್ತಿಗೆಯನ್ನೂ ಒಳಗೆ ಕರೆದುಕೊಂಡು ಹೋಗಿ, ಅವರು ನಿಮಗಿಂತ ಚೆನ್ನಾಗಿ ಕೇಳುತ್ತಾರೆ.